ಚೀಮೇನಿಯಿಂದ ಕೈದಿಗಳು ಸಿಗುತ್ತಾರೆಯೇ?
ಅಡಿಕೆಗೆ ಮದ್ದು ಬಿಡಲು ಜನ ಇಲ್ಲ, ಕಾಸರಗೋಡು ಜಿಲ್ಲೆಯ ಚೀಮೇನಿಯ ತೆರೆದ ಜೈಲಿನಿಂದ ಕೈದಿಗಳನ್ನು ಕರೆತರಬಹುದೇ ಎಂದು ಕೇಳಿದ್ದೀರಿ. ಆ ಆಸೆ ಬಿಡಿ. ಅವರು ದುಡಿಯುವುದು ಜೈಲಿನ ಜಮೀನಿನಲ್ಲಿ. ಕೈದಿಗಳನ್ನು ಖಾಸಗಿಯವರಿಗೆ ಒಪ್ಪಿಸಬಾರದೆನ್ನುವ ಅಂತಾರಾಷ್ಟ್ರೀಯ ಒಪ್ಪಂದವನ್ನು ಭಾರತ 1954ರಲ್ಲೇ ಅನುಮೋದಿಸಿದೆ. ಅಭ್ಯಾಸವಿಲ್ಲದವರನ್ನು ಮರ ಹತ್ತಿಸುವುದೂ ತಪ್ಪು.

ಮರ ಹತ್ತದೆ ನೆಲದಿಂದಲೇ ಮದ್ದು ಬಿಡಲು ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ತಗೊಳ್ಳಿ. ದೋಟಿಗೆ ಒಬ್ಬ, ಪೈಪು ಎಳೆಯಲು ಒಬ್ಬ ಸಾಕು. ಕಾರ್ಬನ್‌ನಲ್ಲಿ ಕರೆಂಟು ಹರಿಯುತ್ತದೆ. ಕರೆಂಟು ಲೈನಿನ ಹತ್ತಿರದ ಮರಗಳಿಗೆ ದೋಟಿ ಎತ್ತಲೇಬೇಡಿ, ಜೀವ ಹೋದೀತು.

ಅಡಿಕೆಗೆ ಬಿಡುವ ಮದ್ದಾದ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿಗೆ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ. ಪ್ಲಾಸ್ಟಿಕ್ ಡ್ರಮ್ಮೇ ಇರಲಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಿರಿ, ಸುಣ್ಣದ ನೀರನ್ನು ತುತ್ತಿನ ನೀರಿಗೆ ಸುರಿಯಬೇಡಿ. ಕತ್ತಿಯ ಅಲಗು ಅದ್ದಿದಾಗ ಕೆಂಪಾದರೆ ಸುಣ್ಣ ಸಾಲದು. ಸೋಸಿ ತುಂಬಿಸಿ, ಇಲ್ಲದಿದ್ದರೆ ನಾಝಲ್ ಕಟ್ಟುತ್ತದೆ. ಅಂದೇ ಮುಗಿಸಿ.