ಲ್ಯಾಸಿಕ್ ಆದ ಮೇಲೆ ಡಿಎಲ್‌ಕೆ ಅಂದರು, ನೋವೇ ಇಲ್ಲ. ಚೆಕಪ್ ಬಿಡಬಹುದಾ?

ಕನ್ನಡಕ ಬಿಡಿಸುವ ಲೇಸರ್ ಆಪರೇಷನ್, ಅಂದರೆ ಲ್ಯಾಸಿಕ್, ಆದ ಮರುದಿನವೇ ಡಾಕ್ಟರು ‘ಡಿಎಲ್‌ಕೆ, ಸ್ಟೇಜ್ 1’ (ಡಿಫ್ಯೂಸ್ ಲ್ಯಾಮೆಲ್ಲರ್ ಕೆರಟೈಟಿಸ್, ಕಾರ್ನಿಯಾದ ಒಂದು ಉರಿಯೂತ, ಮೊದಲ ಹಂತ) ಅಂದಿದ್ದಾರೆ. ಗಂಟೆಗೊಮ್ಮೆ ಸ್ಟೀರಾಯ್ಡ್ ಡ್ರಾಪ್ಸ್ ಕೊಟ್ಟು, ನಾಳೆ ಮತ್ತೆ ಬನ್ನಿ ಅಂದಿದ್ದಾರೆ. ನಿಮಗೆ ನೋವಿಲ್ಲ, ಕಣ್ಣು ಚೆನ್ನಾಗೇ ಕಾಣ್ತಿದೆ. ಹೋಗದಿದ್ದರೆ ನಡೆಯುತ್ತಾ ಅಂತ ನಿಮ್ಮ ಪ್ರಶ್ನೆ. ನಡೆಯಲ್ಲ. ಹೋಗಲೇಬೇಕು.

ನಾನು ಆಪ್ಟೋಮೆಟ್ರಿಸ್ಟ್. ಲ್ಯಾಸಿಕ್ ಆದವರನ್ನು ಸ್ಲಿಟ್ ಲ್ಯಾಂಪಿನಲ್ಲಿ (ಕಣ್ಣನ್ನು ದೊಡ್ಡದಾಗಿ ತೋರಿಸುವ ದೀಪದ ಯಂತ್ರ) ನೋಡುವುದು ನನ್ನ ದಿನದ ಕೆಲಸ. ‘ನೋವಿಲ್ಲವಲ್ಲ’ ಅನ್ನುವ ಮಾತನ್ನು ಜಾಸ್ತಿ ಕೇಳುವುದೇ ಈ ತೊಂದರೆಯಲ್ಲಿ. ಶುರುವಿನಲ್ಲಿ ಡಿಎಲ್‌ಕೆ ಸಾಮಾನ್ಯವಾಗಿ ನೋಯುವುದಿಲ್ಲ, ದೃಷ್ಟಿಯನ್ನೂ ಅಷ್ಟಾಗಿ ಕೆಡಿಸುವುದಿಲ್ಲ. ಅದು ಇದೆ ಅಂತ ಗೊತ್ತಾಗುವುದೇ ಲ್ಯಾಂಪಿನಲ್ಲಿ.

ಲ್ಯಾಸಿಕ್‌ನಲ್ಲಿ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಭಾಗ) ಮೇಲಿನ ತೆಳು ಪದರವನ್ನು ಎತ್ತಿ, ಕೆಳಗೆ ಲೇಸರ್ ಹಾಯಿಸಿ, ಮತ್ತೆ ಮುಚ್ಚುತ್ತಾರೆ. ಆ ಪದರವೇ ಫ್ಲ್ಯಾಪ್. ಅದರ ಕೆಳಗಿನ ಸಂದಿಗೆ ಬಿಳಿ ರಕ್ತಕಣಗಳು ನುಗ್ಗಿ ಹರಡಿಕೊಂಡರೆ ಡಿಎಲ್‌ಕೆ. ಇದು ಉರಿಯೂತ, ಸೋಂಕಲ್ಲ. ವೈದ್ಯರು ಇದನ್ನು ಮೊದಲು ವಿವರವಾಗಿ ಬರೆದದ್ದು 1998ರಲ್ಲಿ. ಆ ಕಣಗಳು ಲ್ಯಾಂಪಿನಲ್ಲಿ ನುಣುಪಾದ ಬಿಳಿ ಪುಡಿಯ ಹಾಗೆ ಅಲೆಅಲೆಯಾಗಿ ಕಾಣುತ್ತವೆ. ಅದಕ್ಕೇ ‘ಸಹಾರಾ ಮರಳು’ ಅನ್ನುವ ಅಡ್ಡಹೆಸರು. ಕಾರಣ ಒಂದೇ ಅಲ್ಲ: ಉಪಕರಣಗಳ ಮೇಲೆ ಉಳಿದ ಬ್ಯಾಕ್ಟೀರಿಯಾದ ವಿಷಾಂಶ, ರೆಪ್ಪೆಯ ಗ್ರಂಥಿಗಳ ಜಿಡ್ಡು, ಲೇಸರಿನ ಶಕ್ತಿ, ಆಪರೇಷನ್ ವೇಳೆ ಮೇಲ್ಪದರ ಕೆರೆದುಹೋಗುವುದು. ನಿಮ್ಮ ಕಣ್ಣಿನಲ್ಲಿ ಯಾವುದು ಅಂತ ಹುಡುಕುತ್ತಾ ಕೂರುವುದರಿಂದ ಈಗ ಪ್ರಯೋಜನವಿಲ್ಲ ಬಿಡಿ.

ಮುಖ್ಯ ವಿಷಯ ದಿನಗಳ ಲೆಕ್ಕ. ಸ್ಟೇಜ್ 1ರಲ್ಲಿ ಪುಡಿ ಫ್ಲ್ಯಾಪಿನ ಅಂಚಿನಲ್ಲಷ್ಟೇ ಇರುತ್ತದೆ. ಎರಡು, ಮೂರನೇ ದಿನಕ್ಕೆ ಅದು ನಡುವಿಗೆ ಸರಿದರೆ ಸ್ಟೇಜ್ 2. ಅಲ್ಲೇ ಗಂಟುಗಟ್ಟಿದರೆ ಸ್ಟೇಜ್ 3, ಆಗ ನೋಟ ಮಂಜಾಗುತ್ತದೆ. ಆಗ ಡ್ರಾಪ್ಸ್ ಮಾತ್ರ ಸಾಲದೆ ಫ್ಲ್ಯಾಪ್ ಎತ್ತಿ ತೊಳೆಯಬೇಕಾಗಬಹುದು. ಕೇಳಿದರೆ ಭಯ ಆಗುತ್ತೆ, ಆದರೆ ಸಮಯಕ್ಕೆ ಮಾಡಿದರೆ ಕಣ್ಣನ್ನು ಉಳಿಸುವುದೇ ಅದು. ಬಿಟ್ಟರೆ ಕಾರ್ನಿಯಾ ಕರಗಿ ಕಲೆ ಉಳಿಯಬಹುದು, ಪ್ಲಸ್ ಪವರ್ ಬರಬಹುದು. ಅಷ್ಟು ದೂರ ಹೋಗುವುದು ಅಪರೂಪ. ಸ್ಟೇಜ್ 1, 2ರಲ್ಲೇ ಹಿಡಿದವರಲ್ಲಿ ಹೆಚ್ಚಿನವರು ಡ್ರಾಪ್ಸ್‌ನಲ್ಲೇ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಈಗ ಅರ್ಥವಾಯಿತಲ್ಲ, ನಾಳೆಯ ಚೆಕಪ್ ಸುಮ್ನೆ ಶಾಸ್ತ್ರಕ್ಕಲ್ಲ. ಪುಡಿ ನಡುವಿಗೆ ಬಂದಿದೆಯಾ ಅಂತ ಬಾಯಿಬಿಟ್ಟು ಕೇಳಿ.

ಸ್ಟೀರಾಯ್ಡ್ ಬಗ್ಗೆ ಅಳುಕಿದೆ ಅಂತಲೂ ಬರೆದಿದ್ದೀರಿ. ಈಗ ಗಂಟೆಗೊಮ್ಮೆ ಅಂದರೆ ಗಂಟೆಗೊಮ್ಮೆಯೇ ಹಾಕಿ, ಕಣ್ಣು ತಿಳಿಯಾಯಿತು ಅಂತ ನೀವಾಗಿ ನಿಲ್ಲಿಸಬೇಡಿ. ಆದರೆ ಅಳುಕಿಗೆ ಅರ್ಥವೂ ಇದೆ. ವಾರ ಕಳೆದ ಮೇಲೂ ಮಂಜು ಹಾಗೇ ಇದ್ದರೆ, ಅಥವಾ ಜಾಸ್ತಿಯಾದರೆ, ಅದು ಡಿಎಲ್‌ಕೆ ಆಗಿರದೇ ಇರಬಹುದು. ಕೆಲವರಿಗೆ ಸ್ಟೀರಾಯ್ಡ್‌ನಿಂದ ಕಣ್ಣಿನ ಒತ್ತಡ ಏರುತ್ತದೆ. ಆ ಒತ್ತಡಕ್ಕೆ ಫ್ಲ್ಯಾಪಿನ ಕೆಳಗೆ ನೀರು ತುಂಬಿಕೊಂಡು ಥೇಟ್ ಡಿಎಲ್‌ಕೆ ಥರವೇ ಕಾಣುತ್ತದೆ. ಮೋಸ ಎಲ್ಲಿ ಅಂದರೆ, ಕಾರ್ನಿಯಾದ ನಡುವೆ ಒತ್ತಡ ಅಳೆದರೆ ಮಾಪಕ ಆ ನೀರಿನ ಮೇಲೆ ಕೂತು ಕಡಿಮೆ ತೋರಿಸುತ್ತದೆ. ‘ಒತ್ತಡ ನಾರ್ಮಲ್, ಉರಿಯೂತ ಇಳಿದಿಲ್ಲ’ ಅಂತ ಡ್ರಾಪ್ಸ್ ಇನ್ನೂ ಹೆಚ್ಚಿಸಿದರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಅಲ್ಲಿ ಬೇಕಿರುವುದು ಸ್ಟೀರಾಯ್ಡ್ ಇಳಿಸಿ ಒತ್ತಡಕ್ಕೆ ಔಷಧ ಕೊಡುವುದು. ಹಾಗಾಗಿ ಡ್ರಾಪ್ಸ್ ವಾರಕ್ಕಿಂತ ಮುಂದೆ ಹೋದರೆ, ಒತ್ತಡವನ್ನು ಫ್ಲ್ಯಾಪಿನ ಅಂಚಿನಾಚೆಯೂ ಅಳೆಯುತ್ತೀರಾ ಅಂತ ಕೇಳಿ. ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳಲ್ಲ.

ಜೋರು ನೋವು, ಕೀವು, ಬೆಳಕು ನೋಡಲಾಗದಿರುವುದು, ಒಂದೇ ಕಡೆ ಬಿಳಿ ಚುಕ್ಕೆ, ಇವು ಕಂಡರೆ ನಾಳೆಗೂ ಕಾಯಬೇಡಿ. ಸೋಂಕು ಇರಬಹುದು, ಅದರ ಚಿಕಿತ್ಸೆಯೇ ಬೇರೆ. ಕಣ್ಣು ಉಜ್ಜುವುದಂತೂ ಬೇಡವೇ ಬೇಡ.

ಇನ್ನೊಂದು ಮಾತು. ಎಷ್ಟೋ ವರ್ಷಗಳ ನಂತರ ಕಣ್ಣಿಗೆ ಉಗುರು ತಾಗಿ ಗಾಯವಾದರೂ ಡಿಎಲ್‌ಕೆ ಬರಬಹುದು. ಆಗ ನೋಡುವ ಡಾಕ್ಟರಿಗೆ ಲ್ಯಾಸಿಕ್ ಆಗಿದೆ ಅಂತ ಮೊದಲೇ ಹೇಳಿಬಿಡಿ.