ಬೆಳ್ಳಿ ಹೂಜಿ ಸಿಕ್ಕರೆ ಆಟಗಾರರು ಆಕಳಿಸುವುದೇಕೆ?

ಒಬ್ಬರು ಕಥೆ ನಡೆಸುತ್ತ, ಉಳಿದವರು ಅದರ ಪಾತ್ರಗಳಾಗಿ ಆಡುವ ಡಂಜನ್ಸ್ ಆ್ಯಂಡ್ ಡ್ರಾಗನ್ಸ್ ಆಟವನ್ನು ಆಡಿಸುತ್ತಿದ್ದೀರಿ, ಮಾಂತ್ರಿಕ ಖಡ್ಗ ಸಿಕ್ಕರೆ ಕುಣಿಯುವ ನಿಮ್ಮ ಆಟಗಾರರು ರತ್ನವೋ ಬೆಳ್ಳಿಯ ಪಾತ್ರೆಯೋ ಸಿಕ್ಕಾಗ ತಲೆಯೆತ್ತಿಯೂ ನೋಡುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಈ ತಪ್ಪನ್ನು ನಾನೇ ಎರಡು ವರ್ಷ ಮಾಡಿದ್ದೇನೆ. ಹೌದು, ತಪ್ಪು ಆಟಗಾರರದಲ್ಲ, ನಮ್ಮದು.

"250 ಚಿನ್ನದ ನಾಣ್ಯ ಬೆಲೆಯ ಬೆಳ್ಳಿ ಹೂಜಿ ಸಿಕ್ಕಿತು" ಎಂದು ಒಂದು ಭಾನುವಾರ ಹೇಳಿದೆ. ಎದುರಿಗಿದ್ದವನು ಹಾಳೆಯ ಮೇಲೆ 250 ಎಂದು ಬರೆದುಕೊಂಡ. ಹೂಜಿಯ ಕಥೆ ಅಲ್ಲಿಗೆ ಮುಗಿಯಿತು. ಆಟ ಆಡಿಸುವವರಿಗೆಂದೇ ಇರುವ ಡಂಜನ್ ಮಾಸ್ಟರ್ ಕೈಪಿಡಿಯಲ್ಲಿ ಕಲಾವಸ್ತುಗಳನ್ನು 25, 250, 750, 2500, 7500 ಎಂದು ಬೆಲೆಯ ಮೇಲೆ ವಿಂಗಡಿಸಿದ್ದಾರೆ ನಿಜ. ಆದರೆ ಆ ಪಟ್ಟಿ ಇರುವುದು ನಮ್ಮ ಕಣ್ಣಿಗೆ. ಅದನ್ನು ಗಟ್ಟಿಯಾಗಿ ಓದಿದರೆ ದಿನಸಿ ಅಂಗಡಿಯ ಚೀಟಿ ಓದಿದಂತಾಗುತ್ತದೆ.

ಮುಂದಿನ ಬಾರಿ ಬೆಲೆಯ ಮಾತೇ ಎತ್ತಲಿಲ್ಲ. ಹೊಟ್ಟೆ ನೆಗ್ಗಿದ ಹೂಜಿ, ತಳದಲ್ಲಿ ಕೆತ್ತಿದ್ದ ಹೆಸರನ್ನು ಯಾರೋ ಉಳಿಯಿಂದ ಕೆರೆದು ಹಾಕಿದ್ದಾರೆ ಎಂದಷ್ಟೇ ಹೇಳಿದೆ. "ಯಾರ ಹೆಸರು?" ಎಂದು ಕೇಳಿದರು. (ನನಗೂ ಗೊತ್ತಿರಲಿಲ್ಲ. ಗೊತ್ತಿರುವವನಂತೆ ಮುಗುಳ್ನಕ್ಕೆ.) ಊರಿನ ಅಕ್ಕಸಾಲಿ ಅದನ್ನು ನೋಡಿದವನೇ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು, "ಮಾರಲು ತಂದಿರೋ, ಹಿಂದಿರುಗಿಸಲು ತಂದಿರೋ?" ಎಂದ. ಆಮೇಲೆ ಆರು ವಾರ ಆಟ ಆ ಹೂಜಿಯ ಸುತ್ತಲೇ ನಡೆಯಿತು. ವ್ಯಾಪಾರಿಯೊಬ್ಬ 400 ಕೊಡುತ್ತೇನೆಂದರೂ ಅವರು ಮಾರಲಿಲ್ಲ. ಇನ್ನೊಬ್ಬರು ಬಯಸುವ ಅಥವಾ ಹೆದರುವ ವಸ್ತುವಿನ ಮೇಲೆ ನಮ್ಮವರ ಕಣ್ಣೂ ತಾನಾಗಿ ಬೀಳುತ್ತದೆ. ಹಾಗೆಂದು ಪೆಟ್ಟಿಗೆಯಲ್ಲಿರುವ ಪ್ರತಿಯೊಂದು ಲೋಟಕ್ಕೂ ವಂಶಾವಳಿ ಹೇಳಲು ಹೋಗಬೇಡಿ. ಒಂದು ನಿಧಿಗೆ ಒಂದು ಹೂಜಿ ಸಾಕು, ಉಳಿದದ್ದು ಲೆಕ್ಕಕ್ಕೆ ಹೋಗಲಿ.

ನಾಣ್ಯಗಳನ್ನೂ ಬರೀ 'ಚಿನ್ನ' ಎನ್ನಬೇಡಿ. ನಮ್ಮ ವಿಜಯನಗರದ ವರಾಹಗಳನ್ನೇ ನೋಡಿ. ಹರಿಹರ, ಬುಕ್ಕರ ಕಾಲದವುಗಳಲ್ಲಿ ಹನುಮಂತ, ಅಚ್ಯುತರಾಯನವುಗಳಲ್ಲಿ ಗಂಡಭೇರುಂಡ. ಮುದ್ರೆ ನೋಡಿದರೆ ಯಾರ ಆಳ್ವಿಕೆಯದೆಂದು ತಿಳಿಯುತ್ತದೆ. ಇದೇ ಜಾಡಿನಲ್ಲಿ, ಪದಚ್ಯುತನಾದ ರಾಜನೊಬ್ಬನ ಮುದ್ರೆಯ ನಾಣ್ಯಗಳನ್ನು ಗೋರಿಯೊಂದರಲ್ಲಿ ಇಟ್ಟೆ. ಚಿನಿವಾರ ವಟ್ಟ ಕಳೆದುಕೊಂಡು ತೆಗೆದುಕೊಂಡ. ಅದೇ ಸಂಜೆ ಯಾರೋ ನಮ್ಮ ಆಟಗಾರರನ್ನು ಹಿಂಬಾಲಿಸತೊಡಗಿದರು.

ಭಾರವನ್ನೂ ಮರೆಯಬೇಡಿ, ಹೆಚ್ಚಿನವರು ಮರೆಯುತ್ತಾರೆ. ಆಟದ ಐದನೆಯ ಆವೃತ್ತಿಯ ನಿಯಮಗಳಲ್ಲಿ 50 ನಾಣ್ಯಕ್ಕೆ ಒಂದು ಪೌಂಡ್. 5000 ನಾಣ್ಯ ಎಂದರೆ 100 ಪೌಂಡ್, ಸುಮಾರು 45 ಕಿಲೋ. ಬಲದ ಅಂಕ 8 ಇರುವ ಮಾಂತ್ರಿಕ ಹೊರಬಲ್ಲದ್ದೇ 120 ಪೌಂಡ್. ಮೆಣಸು ಪೌಂಡಿಗೆ 2 ಚಿನ್ನ, ಕೇಸರಿ 15. ಅಂದರೆ 50 ಕಿಲೋ ಮೆಣಸಿನ ಚೀಲ 220 ಚಿನ್ನಕ್ಕೆ ಸಮ. ಇಂತಹ ಇಪ್ಪತ್ತು ಚೀಲಗಳನ್ನು ಕೊಟ್ಟು, ಹೊಳೆಯಾಚೆ ಸಾಗಿಸಿ ಎಂದೆ. ಡ್ರಾಗನ್ನಿಗೂ ಹೆದರದವರು ಅಂದು ದೋಣಿಯವನೊಂದಿಗೆ ಮುಕ್ಕಾಲು ಗಂಟೆ ಚೌಕಾಸಿ ಮಾಡಿದರು.

ಇಷ್ಟೆಲ್ಲ ಮಾಡಿದರೂ ಖರ್ಚಿಗೆ ದಾರಿಯಿಲ್ಲದಿದ್ದರೆ ಚಿನ್ನಕ್ಕೆ ಕವಡೆ ಕಾಸಿನ ಕಿಮ್ಮತ್ತು. 1974ರಲ್ಲಿ ಈ ಆಟ ಬಂದಾಗ, ಹೊತ್ತು ತಂದ ಒಂದು ಚಿನ್ನದ ನಾಣ್ಯಕ್ಕೆ ಪಾತ್ರವನ್ನು ಮೇಲಿನ ಹಂತಕ್ಕೇರಿಸುವ ಒಂದು ಅನುಭವದ ಅಂಕ ಸಿಗುತ್ತಿತ್ತು. ಆಗ ನಿಧಿಗೆ ಯಾರೂ ಮೂಗು ಮುರಿಯಬೇಕಾಗಿರಲಿಲ್ಲ. ಆ ನಿಯಮವನ್ನು ಮುಂದೆ ಕೈಬಿಟ್ಟರು. ಈಗ ಯೋಧನೊಬ್ಬ 1500 ಕೊಟ್ಟು ಪ್ಲೇಟ್ ಕವಚ ಕೊಂಡ ಮೇಲೆ ಅವನ ಹಣಕ್ಕೆ ಹೇಳಿಕೊಳ್ಳುವಂತಹ ಕೆಲಸವೇ ಇರುವುದಿಲ್ಲ. ಕೆಲಸವನ್ನು ನೀವೇ ಹುಟ್ಟಿಸಬೇಕು: ಕುಸಿದ ಸೇತುವೆ, ಸಾಲದಲ್ಲಿ ಮುಳುಗಿದ ಛತ್ರ, ಒಬ್ಬರ ತಂಗಿಯ ಬಿಡುಗಡೆಯ ಹಣ.

ನನಗೆ ಹೆಚ್ಚು ಫಲ ಕೊಟ್ಟದ್ದು ವಜ್ರ. ಆಗಷ್ಟೇ ಸತ್ತವರನ್ನು ಎಬ್ಬಿಸುವ 'ರಿವಿವಿಫೈ' ಮಂತ್ರ 300 ಚಿನ್ನದ ವಜ್ರವನ್ನು ನುಂಗಿಬಿಡುತ್ತದೆ, 'ರೈಸ್ ಡೆಡ್' 500ರದನ್ನು. ಸತ್ತು ಒಂದು ನಿಮಿಷ ಕಳೆದರೆ ಮೊದಲನೆಯದು ಕೆಲಸಕ್ಕೆ ಬಾರದು, ಆದ್ದರಿಂದ ವಜ್ರ ಮೊದಲೇ ಕೈಯಲ್ಲಿರಬೇಕು. ಬಹಳ ಕಡೆ ಹಾಳೆಯಿಂದ 300 ಕಳೆದು ಸುಮ್ಮನಾಗುತ್ತಾರೆ. ನಾನು, ಈ ಊರಿನಲ್ಲಿ ಅಂತಹ ವಜ್ರ ಇರುವುದು ಒಂದೇ, ಅದೂ ಒಬ್ಬ ಮುದುಕಿಯ ಮೂಗುಬೊಟ್ಟಿನಲ್ಲಿ ಎಂದೆ. ಆ ಹೂಜಿಯ ತಳದಲ್ಲಿ ಕೆರೆದು ಹಾಕಿದ ಹೆಸರು ಆಕೆಯ ಗಂಡನದೆಂದು ಅವರಿಗೆ ಈಗಾಗಲೇ ಗೊತ್ತು. ಹೂಜಿ ಕೊಟ್ಟು ವಜ್ರ ಕೇಳೋಣ ಎಂದು ಇಬ್ಬರು, ಹೂಜಿಯನ್ನು ಸುಮ್ಮನೆ ಕೊಟ್ಟು ಬರೋಣ ಎಂದು ಒಬ್ಬಳು. ಎರಡು ಭಾನುವಾರ ಕಳೆದರೂ ಜಗಳ ಬಗೆಹರಿದಿಲ್ಲ.