ಫ್ಲೈವೀಲ್ ತಿರುಗಿಸಿದರೆ ಕರೆಂಟು ಹುಟ್ಟುತ್ತದೆಯೇ?

ಪ್ರಶ್ನೆ: 1 ಎಚ್‌ಪಿ ಮೋಟರು, 50 ಕಿಲೋ ಫ್ಲೈವೀಲ್ (ಭಾರದ ಚಕ್ರ), 3 ಕಿಲೋವ್ಯಾಟ್ ಆಲ್ಟರ್ನೇಟರ್ (ತಿರುಗಿಸಿದರೆ ಕರೆಂಟು ಕೊಡುವ ಯಂತ್ರ). ಶುರುವಿಗಷ್ಟೇ ಮನೆ ಕರೆಂಟು. ಆಮೇಲೆ ಆಲ್ಟರ್ನೇಟರೇ ಮೋಟರನ್ನು ಓಡಿಸಿ, ಮಿಕ್ಕಿದ್ದು ಪಂಪ್‌ಸೆಟ್ಟಿಗೆ ಸಿಗುತ್ತದೆ ಎಂದು ವಿಡಿಯೊದಲ್ಲಿ ತೋರಿಸುತ್ತಾರೆ. ಮಾಡಿಸಬಹುದೇ?
– ಓದುಗರು, ರಾಣೆಬೆನ್ನೂರು

ಉತ್ತರ: ದಯವಿಟ್ಟು ಬೇಡ, ದುಡ್ಡು ನೀರುಪಾಲಾಗುತ್ತದೆ. ಆಲ್ಟರ್ನೇಟರಿನ ಮೇಲೆ ಬರೆದ 3 ಕಿಲೋವ್ಯಾಟ್ ಅದು ಹೊರಬಲ್ಲ ಹೊರೆ, ತಾನಾಗಿ ಕೊಡುವ ಕರೆಂಟಲ್ಲ. ಈ ಗಾತ್ರದ ಸಿಂಗಲ್ ಫೇಸ್ ಮೋಟರು 1000 ವ್ಯಾಟ್ ಎಳೆದರೆ ಶಾಫ್ಟಿಗೆ ಸಿಗುವುದು ಸುಮಾರು 700. ಬೆಲ್ಟು ದಾಟಿದ ಮೇಲೆ 665. ಆಲ್ಟರ್ನೇಟರಿನಿಂದ ಹೊರಬರುವುದು 530ರ ಆಸುಪಾಸು. ಉಳಿದದ್ದೆಲ್ಲ ವೈಂಡಿಂಗ್, ಬೇರಿಂಗ್, ಬೆಲ್ಟಿನಲ್ಲಿ ಬಿಸಿಯಾಗಿ ಹೋಯಿತು. ಮೋಟರಿಗೇ ಸಾಲದ್ದು ಪಂಪಿಗೆ ಎಲ್ಲಿಂದ ಬರಬೇಕು?

ಫ್ಲೈವೀಲ್ ಜೋಳದ ಹಗೇವಿನಂತೆ: ತುಂಬಿದ್ದನ್ನಷ್ಟೇ ತೆಗೆಯಬಹುದು. 60 ಸೆಂ.ಮೀ. ವ್ಯಾಸದ 50 ಕಿಲೋ ಗಟ್ಟಿ ಚಕ್ರ ನಿಮಿಷಕ್ಕೆ 1440 ಸುತ್ತು ತಿರುಗುವಾಗ ಅದರಲ್ಲಿರುವುದು ಸುಮಾರು 25,600 ಜೂಲ್. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್! 1000 ವ್ಯಾಟ್ ಹೊರೆ ಹಾಕಿದರೆ 25 ಸೆಕೆಂಡಿಗೆ ಚಕ್ರ ಖಾಲಿ. 9 ವ್ಯಾಟಿನ ಎಲ್‌ಇಡಿ ಬಲ್ಬಾದರೆ ನಿಮಿಷಗಟ್ಟಲೆ ಉರಿಯುತ್ತದೆ, ವೋಲ್ಟೇಜು ಸಾಕಷ್ಟು ಇಳಿದರೂ ಮಂಕಾಗುವುದಿಲ್ಲ. ವಿಡಿಯೊದ ಅವಧಿಗೆ ಅಷ್ಟು ಸಾಕು.

ಪ್ರಶ್ನೆ: ಆದರೆ ತಂತಿಗೆ ಸಿಕ್ಕಿಸಿ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ ಒಳಗೆ ಹೋದದ್ದಕ್ಕಿಂತ ಹೊರಬಂದದ್ದೇ ಹೆಚ್ಚು ಕಾಣಿಸಿತಲ್ಲ?
– ಓದುಗರು, ತಿಪಟೂರು

ಉತ್ತರ: ವೋಲ್ಟನ್ನು ಆಂಪಿಯರಿನಿಂದ ಗುಣಿಸಿದಷ್ಟಕ್ಕೇ ವ್ಯಾಟ್ ಆಗುವುದಿಲ್ಲ, ಅದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು ಎಷ್ಟೆಂದು ಹೇಳುವ ಪವರ್ ಫ್ಯಾಕ್ಟರಿನಿಂದಲೂ ಗುಣಿಸಬೇಕು. ಹೊರಗಿನ ಹೊರೆಯಾಗಿ ಖಾಲಿ ತಿರುಗುವ ಮೋಟರನ್ನು ಕಟ್ಟಿದ್ದರೆ 230 ವೋಲ್ಟ್, 3 ಆಂಪಿಯರ್ ಸೇರಿ 690 ಎಂದು ಕಾಣುತ್ತದೆ. ಪವರ್ ಫ್ಯಾಕ್ಟರ್ 0.25 ಇದ್ದರೆ ನಿಜವಾದದ್ದು 170 ವ್ಯಾಟ್ ಮಾತ್ರ. ಮೀಟರು ಬದಿಗಿಡಿ, ಬಕೆಟ್ ತನ್ನಿ. ಯಂತ್ರವನ್ನು ಬಯಲಲ್ಲಿ ಮರದ ಹಲಗೆ ಮೇಲಿಟ್ಟು, ಶುರುವಾದ ಮೇಲೆ ಮನೆ ಕರೆಂಟಿನ ಪ್ಲಗ್ ಕಿತ್ತು, ಬ್ಯಾಟರಿ ಎಲ್ಲೂ ಇಲ್ಲವೆಂದು ನೋಡಿ, 1000 ವ್ಯಾಟಿನ ಕಾಯಿಲ್ ಹೀಟರನ್ನು 10 ಲೀಟರ್ ನೀರಿಗೆ ಹಾಕಿಸಿ. ಹೀಟರಿಗೆ ಪೂರ್ತಿ ಕರೆಂಟು ಸಿಗುತ್ತಿದ್ದರೆ ಸುಮಾರು 14 ನಿಮಿಷದಲ್ಲಿ ನೀರು 20 ಡಿಗ್ರಿ ಏರಬೇಕು. ನೀರು ಮುಟ್ಟುವ ಮುನ್ನ ಹೀಟರಿನ ಪ್ಲಗ್ ಕಳಚಿ. ಮಾರುವವರು ಈ ಪರೀಕ್ಷೆಗೆ ಒಪ್ಪದಿದ್ದರೆ ಮುಂಗಡ ಕೊಡಬೇಡಿ. ‘ಪೇಟೆಂಟ್ ಅರ್ಜಿ ಹಾಕಿದ್ದೇವೆ’ ಎಂಬ ಮಾತಿಗೂ ಬೆಲೆಯಿಲ್ಲ. ನಿಸರ್ಗ ನಿಯಮಕ್ಕೆ ಸ್ಪಷ್ಟವಾಗಿ ವಿರುದ್ಧವಾದದ್ದಕ್ಕೆ 1970ರ ಪೇಟೆಂಟ್ ಕಾಯ್ದೆಯ ಕಲಂ 3(ಎ) ಪೇಟೆಂಟ್ ನಿರಾಕರಿಸುತ್ತದೆ.

ಪ್ರಶ್ನೆ: ಭಾಸ್ಕರಾಚಾರ್ಯರೇ ತಾನಾಗಿ ತಿರುಗುವ ಚಕ್ರವನ್ನು ಹೇಳಿಲ್ಲವೇ?
– ಓದುಗರು, ವಿಜಯಪುರ

ಉತ್ತರ: ಹೇಳಿದ್ದಾರೆ. 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಟೊಳ್ಳು ಅರಗಳಿಗೆ ಅರ್ಧ ಪಾದರಸ ತುಂಬಿದ ಚಕ್ರವಿದೆ. ಕಲ್ಪನೆ ಸೊಗಸಾದದ್ದು. ಕಟ್ಟಿ ನೋಡಿದರೆ ಪಾದರಸ ಸ್ವಲ್ಪ ಹೊಯ್ದಾಡಿ, ಅದರ ಒಟ್ಟು ಭಾರದ ಕೇಂದ್ರ ಅಚ್ಚಿನ ನೇರ ಕೆಳಗೆ ಬರುತ್ತದೆ, ಚಕ್ರ ಅಲ್ಲೇ ನಿಲ್ಲುತ್ತದೆ. ಮನೆಯಲ್ಲಿ ಪಾದರಸ ಹಿಡಿದು ಪ್ರಯತ್ನಿಸಬೇಡಿ, ಅದರ ಆವಿ ವಿಷ.